ಕಾಡು, ಕೆರೆ, ಹೊಳೆ ಕಾಯುವವರಿಗೆ ಫೆಲೋಶಿಪ್ ಮತ್ತು ಅನುದಾನ: ಅರ್ಜಿ ಹಾಕುವುದು ಹೇಗೆ?

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನ ಜನ ತಮ್ಮ ಮನೆ ಪಕ್ಕದ ಹುಣಸೆ ಮರಗಳನ್ನು ಹೆಜ್ಜಾರ್ಲೆಗಳಿಗೆ, ಬಣ್ಣದ ಕೊಕ್ಕರೆಗಳಿಗೆ ಬಿಟ್ಟುಕೊಟ್ಟು ತಲೆಮಾರುಗಳೇ ಕಳೆದಿವೆ. ಹಕ್ಕಿ ಗೂಡು ಕಟ್ಟಿದ ಮರದಲ್ಲಿ ಹುಣಸೆ ಫಸಲು ಸರಿಯಾಗಿ ಕೈಗೆ ಸಿಗುವುದಿಲ್ಲ. ಆದರೂ ಅವರು ಹಕ್ಕಿಗಳನ್ನು ಓಡಿಸಲಿಲ್ಲ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇಂಥ ಜನ ಕರ್ನಾಟಕದ ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ. ಕೆರೆ ಕಾಯುವವರಿದ್ದಾರೆ, ದೇವರಕಾಡು ಉಳಿಸಿಕೊಂಡವರಿದ್ದಾರೆ, ಹಾವು ಹಿಡಿದು ಕಾಡಿಗೆ ಬಿಡುವವರಿದ್ದಾರೆ. ಇವರಲ್ಲಿ ಬಹಳ ಜನ ಸ್ವಂತ ದುಡ್ಡು ಹಾಕಿಯೇ ಕೆಲಸ ಮಾಡುತ್ತಿದ್ದಾರೆ.

ಇನ್ನೊಂದು ಕಡೆ, ಇಂಥ ಕೆಲಸಕ್ಕೇ ದುಡ್ಡು ಕೊಡುವ ಸಂಸ್ಥೆಗಳೂ ಇವೆ. ಆದರೆ ಅರ್ಜಿ ಬಹುಪಾಲು ಇಂಗ್ಲಿಷಿನಲ್ಲಿ ಇರುತ್ತದೆ. ಹಾಗಾಗಿ ನೆಲ ಗೊತ್ತಿದ್ದವರಿಗಿಂತ ಅರ್ಜಿ ತುಂಬಲು ಗೊತ್ತಿದ್ದವರಿಗೆ ದುಡ್ಡು ಬೇಗ ಸಿಗುತ್ತದೆ. ಇದು ಬದಲಾಗಬೇಕು ಅನ್ನುವುದಕ್ಕೇ ಈ ಲೇಖನ. ನೀವೇ ಅರ್ಜಿ ಹಾಕುವವರಾದರೂ ಓದಿ, ಊರಿನ ಒಬ್ಬರಿಗೆ ಅರ್ಜಿ ಬರೆದುಕೊಡುವವರಾದರೂ ಓದಿ.

ಮೊದಲು: ನಿಮಗೆ ಬೇಕಿರುವುದು ಯಾವ ದುಡ್ಡು?

ಫೆಲೋಶಿಪ್ ಅಂದರೆ ವ್ಯಕ್ತಿಗೆ ಕೊಡುವ ಬೆಂಬಲ. ತಿಂಗಳಿಗೆ ಇಷ್ಟು ಅಂತ ಸ್ಟೈಪೆಂಡ್ ಬರುತ್ತದೆ, ಜೊತೆಗೆ ತರಬೇತಿ, ಮಾರ್ಗದರ್ಶಕರು ಸಿಗುತ್ತಾರೆ. ಅನುದಾನ ಅಂದರೆ ಕೆಲಸಕ್ಕೆ ಕೊಡುವ ದುಡ್ಡು. ಇಂತಿಷ್ಟು ತಿಂಗಳಲ್ಲಿ ಇಂಥ ಕೆಲಸ ಮುಗಿಸುತ್ತೇನೆ ಅಂತ ಒಪ್ಪಿಕೊಂಡು ಲೆಕ್ಕ ಕೊಡಬೇಕು. ಮೂರನೆಯದು ಪ್ರಶಸ್ತಿ. ಅದು ಆಗಲೇ ಮಾಡಿ ತೋರಿಸಿದವರಿಗೆ ಬರುವಂಥದ್ದು. ಗೋಲ್ಡ್‌ಮನ್ ಪರಿಸರ ಪ್ರಶಸ್ತಿಗೆ ನೀವಾಗಿಯೇ ಅರ್ಜಿ ಹಾಕುವ ಹಾಗೇ ಇಲ್ಲ. ಬೇರೆಯವರು ನಿಮ್ಮ ಹೆಸರು ಸೂಚಿಸಬೇಕು.

ಮನೆ ನಡೆಸುವುದೇ ಕಷ್ಟ, ಅದಕ್ಕೇ ಪರಿಸರದ ಕೆಲಸ ನಿಲ್ಲುತ್ತಿದೆ ಅನ್ನುವವರು ಫೆಲೋಶಿಪ್ ಹುಡುಕಿ. ಸಂಪಾದನೆಗೆ ಬೇರೆ ದಾರಿ ಇದೆ, ಆದರೆ ಸಲಕರಣೆಗೆ, ಓಡಾಟಕ್ಕೆ, ಕೂಲಿಗೆ ದುಡ್ಡಿಲ್ಲ ಅನ್ನುವವರು ಅನುದಾನ ಹುಡುಕಿ. ಬಹಳ ಜನ ಈ ಎರಡನ್ನೂ ಕಲಸಿಬಿಡುತ್ತಾರೆ. ಅನುದಾನದ ಅರ್ಜಿಯಲ್ಲಿ ಮುಕ್ಕಾಲು ಭಾಗ ತಮ್ಮ ಸಂಬಳವನ್ನೇ ತೋರಿಸಿದರೆ ಅದು ಮೊದಲ ಸುತ್ತಿನಲ್ಲೇ ಬಿದ್ದುಹೋಗುವುದು ಜಾಸ್ತಿ.

ಯಾವ ಬಾಗಿಲು ತಟ್ಟಬೇಕು?

ಮೊದಲ ಸಲ ಅರ್ಜಿ ಹಾಕುವವರಿಗೆ ಹೆಚ್ಚು ಗೊತ್ತಿರುವ ಹೆಸರು ಬ್ರಿಟನ್ನಿನ ರಫರ್ಡ್ ಫೌಂಡೇಶನ್. ಅದು ಮೆಟ್ಟಿಲು ಮೆಟ್ಟಿಲಾಗಿ ಅನುದಾನ ಕೊಡುತ್ತದೆ. ಮೊದಲು ಸಣ್ಣ ಮೊತ್ತ. ಆ ಕೆಲಸ ಚೆನ್ನಾಗಿ ಮುಗಿಸಿ ವರದಿ ಕೊಟ್ಟರೆ ಎರಡನೆಯದಕ್ಕೆ, ಆಮೇಲೆ ಇನ್ನೂ ದೊಡ್ಡದಕ್ಕೆ ಅರ್ಜಿ ಹಾಕಬಹುದು. ಇದರಲ್ಲಿ ನನಗೆ ತುಂಬ ಇಷ್ಟವಾಗುವುದು, ಹಿಂದೆ ಅನುದಾನ ಪಡೆದವರ ವರದಿಗಳು ಅವರ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ ಅನ್ನುವುದು. ಭಾರತದಲ್ಲಿ, ಅದರಲ್ಲೂ ಪಶ್ಚಿಮ ಘಟ್ಟದಲ್ಲಿ ನಡೆದ ಯೋಜನೆಗಳ ವರದಿ ಹುಡುಕಿ ನಾಲ್ಕೈದು ಓದಿ. ಇದಕ್ಕಿಂತ ಒಳ್ಳೆಯ ತಯಾರಿ ಇಲ್ಲ.

ಕನ್ಸರ್ವೇಶನ್ ಲೀಡರ್‌ಶಿಪ್ ಪ್ರೋಗ್ರಾಂ ಅನ್ನುವ ಅಂತರರಾಷ್ಟ್ರೀಯ ಯೋಜನೆ ತಂಡಗಳಿಗೆ ಅನುದಾನ ಕೊಡುತ್ತದೆ. ಕನಿಷ್ಠ 3 ಜನ ಇರಬೇಕು, ಮತ್ತು ಅವರು ಈ ಕ್ಷೇತ್ರಕ್ಕೆ ಹೊಸಬರಾಗಿರಬೇಕು. ಇಂಗ್ಲಿಷ್ ಬರುವ ಒಬ್ಬ ವಿದ್ಯಾರ್ಥಿ, ಜಾಗ ಗೊತ್ತಿರುವ ಇಬ್ಬರು ಊರಿನವರು ಸೇರಿದರೆ ಒಂದು ತಂಡವಾಯಿತು ಅಲ್ವಾ?

ನಮ್ಮ ದೇಶದಲ್ಲೇ ಹುಡುಕುವುದಾದರೆ ಹಕ್ಕಿತಜ್ಞ ರವಿ ಶಂಕರನ್ ಹೆಸರಿನಲ್ಲಿ ಇನ್‌ಲ್ಯಾಕ್ಸ್ ಪ್ರತಿಷ್ಠಾನ ನಡೆಸುವ ಫೆಲೋಶಿಪ್ ಮತ್ತು ಸಣ್ಣ ಅನುದಾನಗಳಿವೆ. ಹ್ಯಾಬಿಟಾಟ್ಸ್ ಟ್ರಸ್ಟ್ ಇದೆ. ಹುಲಿ, ಆನೆಗಳಷ್ಟು ಹೆಸರು ಮಾಡದ ಜೀವಿಗಳ ಕಡೆ, ಯಾರೂ ಗಮನ ಕೊಡದ ಜಾಗಗಳ ಕಡೆ ಅದಕ್ಕೆ ಒಲವು ಇದೆ. ಹುಲ್ಲುಗಾವಲು, ಕುರುಚಲು ಕಾಡು, ಸಣ್ಣ ಹಳ್ಳಗಳಲ್ಲಿ ಕೆಲಸ ಮಾಡುವವರು ಇದನ್ನು ನೋಡಲೇಬೇಕು. ಸ್ಯಾಂಕ್ಚುರಿ ನೇಚರ್ ಫೌಂಡೇಶನ್ನಿನ ಮಡ್ ಆನ್ ಬೂಟ್ಸ್ ಯೋಜನೆ ತಳಮಟ್ಟದ ಕಾರ್ಯಕರ್ತರಿಗಾಗಿಯೇ ಮಾಡಿದ್ದು. ಅಲ್ಲಿ ನೆಲದ ಮೇಲೆ ಕೆಲಸ ಮಾಡುವವರ ಹೆಸರನ್ನು ಅವರನ್ನು ಬಲ್ಲ ಇನ್ನೊಬ್ಬರು ಸೂಚಿಸುತ್ತಾರೆ. ನಿಮ್ಮೂರಿನಲ್ಲಿ ಅಂಥವರು ಒಬ್ಬರಿದ್ದರೆ ಆ ಇನ್ನೊಬ್ಬರು ನೀವಾಗಿ.

ಹತ್ತಾರು ವರ್ಷ ಕೆಲಸ ಮಾಡಿ ಫಲ ತೋರಿಸಿದವರಿಗೆ ಬ್ರಿಟನ್ನಿನ ವಿಟ್ಲಿ ಪ್ರಶಸ್ತಿ ಇದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನಲ್ಲಿ ಆಗ ಇದ್ದ ಎಂ. ಡಿ. ಮಧುಸೂದನ್ ಅವರಿಗೆ 2009ರಲ್ಲಿ, ಕರ್ನಾಟಕದ ಹುಲಿ ಕಾರಿಡಾರುಗಳ, ಅಂದರೆ ಹುಲಿಗಳು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವ ದಾರಿಗಳ, ಕೆಲಸಕ್ಕಾಗಿ ಸಂಜಯ್ ಗುಬ್ಬಿ ಅವರಿಗೆ 2017ರಲ್ಲಿ ಇದು ಬಂದಿದೆ. ತಮಿಳುನಾಡಿನ ವಾಲ್ಪಾರೈನ ಟೀ ತೋಟಗಳಲ್ಲಿ ಆನೆ ಎಲ್ಲಿದೆ ಅಂತ ಜನರ ಮೊಬೈಲಿಗೆ ಸಂದೇಶ ಕಳಿಸುವ ವ್ಯವಸ್ಥೆ ಮಾಡಿದ ಆನಂದ ಕುಮಾರ್ ಅವರಿಗೆ 2015ರಲ್ಲಿ ಸಿಕ್ಕಿತು. ಅದೇ ಬಗೆಯ ಮುನ್ಸೂಚನೆ ಮುಂದೆ ನಮ್ಮ ಹಾಸನ ಜಿಲ್ಲೆಗೂ ಬಂತು. ಸಂದೇಶ ಬಂದ ಕೂಲಿ ಕಾರ್ಮಿಕರು ಆ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಾರೆ. ಜೀವ ಉಳಿಯುತ್ತದೆ.

ಕಂಪನಿಗಳ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ ದುಡ್ಡೂ ಇದೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ 3 ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಆ ದುಡ್ಡು ಪಡೆಯುವ ಸಂಸ್ಥೆ ಸಿಎಸ್‌ಆರ್-1 ಫಾರಂ ತುಂಬಿ ನೋಂದಾಯಿಸಿಕೊಂಡಿರಬೇಕು. ಕೆರೆ ಹೂಳು ತೆಗೆಯುವಂಥ ಕಣ್ಣಿಗೆ ಕಾಣುವ ಕೆಲಸಕ್ಕೆ ಇದು ಸುಲಭವಾಗಿ ಸಿಗುತ್ತದೆ. ಹೂಳು ತೆಗೆಯುವ ಮೊದಲು ಕೆರೆಯಲ್ಲಿ ಏನೇನು ಜೀವ ಇದೆ ಅಂತ ನೋಡುವ ಕೆಲಸಕ್ಕೆ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆ ಭಾಗವನ್ನೂ ಯೋಜನೆಯೊಳಗೆ ಸೇರಿಸಿ ಅಂತ ಕೇಳಿ.

ವಿದೇಶಿ ದುಡ್ಡಾದರೆ ಕಾನೂನು ಮೊದಲು

ಇದನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ. ವಿದೇಶಿ ದೇಣಿಗೆ ಕಾಯ್ದೆ, ಅಂದರೆ 2010ರ ಎಫ್‌ಸಿಆರ್‌ಎ ಪ್ರಕಾರ, ನೋಂದಣಿ ಅಥವಾ ಮುಂಗಡ ಅನುಮತಿ ಇಲ್ಲದ ಸಂಘ ಹೊರದೇಶದ ದುಡ್ಡು ಪಡೆಯುವ ಹಾಗಿಲ್ಲ. ನೋಂದಣಿಗೆ ಸಂಘ ಕನಿಷ್ಠ 3 ವರ್ಷ ಕೆಲಸ ಮಾಡಿರಬೇಕು, ಆ ಅವಧಿಯಲ್ಲಿ ತನ್ನ ಉದ್ದೇಶಕ್ಕೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ಊರಿನ ಸಣ್ಣ ಸಂಘಕ್ಕೆ ಇದು ದೊಡ್ಡ ಗೋಡೆಯೇ ಸರಿ.

ಹಾಗಾದರೆ ನೋಂದಣಿ ಇರುವ ದೊಡ್ಡ ಸಂಸ್ಥೆ ದುಡ್ಡು ಪಡೆದು ನಮಗೆ ಕೊಡಲಿ ಅಂದರೆ, 2020ರ ತಿದ್ದುಪಡಿಯ ನಂತರ ಅದೂ ಆಗುವುದಿಲ್ಲ. ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ. ಆ ಸಂಸ್ಥೆ ಯೋಜನೆಯನ್ನು ತಾನೇ ನಡೆಸಿ, ನಿಮ್ಮನ್ನು ಸಂಬಳಕ್ಕೆ ತೆಗೆದುಕೊಳ್ಳಬಹುದು. ವಿದ್ಯಾರ್ಥಿವೇತನ, ಸ್ಟೈಪೆಂಡ್ ರೂಪದಲ್ಲಿ ವ್ಯಕ್ತಿಗೆ ಬರುವ ದುಡ್ಡಿಗೆ ಕಾಯ್ದೆಯ 4ನೇ ಸೆಕ್ಷನ್ನಿನಲ್ಲಿ ವಿನಾಯಿತಿ ಇದೆ. ಆದರೆ ಯೋಜನೆಯ ಖರ್ಚಿಗೆ ಬರುವ ದುಡ್ಡನ್ನು ಸ್ಟೈಪೆಂಡ್ ಅಂತ ನೀವಾಗಿಯೇ ಕರೆದುಕೊಂಡರೆ ಸಾಲದು. ಅರ್ಜಿ ಕಳಿಸುವ ಮೊದಲೇ ಈ ಕಾಯ್ದೆ ಬಲ್ಲ ಲೆಕ್ಕಪರಿಶೋಧಕರ ಹತ್ತಿರ ಹೋಗಿ, ಅವರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಅವರ ಫೀಸಿಗಿಂತ ನಂತರದ ತೊಂದರೆ ತುಂಬಾ ದುಬಾರಿ.

ದೇಶದೊಳಗಿನ ದುಡ್ಡಿಗೆ ಈ ತಲೆಬಿಸಿ ಇಲ್ಲ. ಅದಕ್ಕೇ ಮೊದಲ ಅನುದಾನ ಇಲ್ಲಿಯದೇ ಆದರೆ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಪ್ರಶ್ನೆ ಸಣ್ಣದಿರಲಿ

ಅರ್ಜಿ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಒಂದು ಉದಾಹರಣೆ ಹಿಡಿದು ನಿಧಾನವಾಗಿ ನೋಡೋಣ.

ತುಂಗಭದ್ರಾ ಹೊಳೆಯಲ್ಲಿ ನೀರುನಾಯಿಗಳಿವೆ. ಹಂಪಿ, ಕಂಪ್ಲಿ ಕಡೆಯ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಅಲ್ಲಿನ ಒಬ್ಬ ಯುವಕ ಅರ್ಜಿ ಹಾಕುತ್ತಾನೆ ಅಂದುಕೊಳ್ಳಿ. ಮೊದಲ ಬರಹದಲ್ಲಿ ಅವನು ಹೀಗೆ ಬರೆಯುತ್ತಾನೆ: 'ತುಂಗಭದ್ರಾ ನದಿಯ ನೀರುನಾಯಿಗಳನ್ನು ಸಂರಕ್ಷಿಸುವುದು ಮತ್ತು ಜನರಲ್ಲಿ ಜಾಗೃತಿ ಮೂಡಿಸುವುದು.' ಕೇಳಲು ಚೆಂದವಾಗಿದೆ. ಆದರೆ ಅವನು ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ ಅನ್ನುವುದು ಇದರಲ್ಲಿ ಇಲ್ಲ.

ಈಗ ಹೊಳೆ ದಂಡೆಗೆ ಹೋಗಿ ಮೀನುಗಾರರ ಜೊತೆ ಕೂತು ಕೇಳಲಿ. ಅವರು ಹೇಳುವುದು ಬಲೆಯ ವಿಷಯ. ನೀರುನಾಯಿ ಬಲೆಯಲ್ಲಿ ಸಿಕ್ಕ ಮೀನನ್ನು ಕೀಳುತ್ತದೆ, ಬಲೆ ಹರಿಯುತ್ತದೆ. ಬಲೆ ಹರಿದವನಿಗೆ ನೀರುನಾಯಿ ಮೇಲೆ ಸಿಟ್ಟು. ಆದರೆ ಹರಿದ ಬಲೆಯನ್ನೆಲ್ಲ ಹರಿದದ್ದು ನೀರುನಾಯಿಯೇ? ಹೊಳೆಯಲ್ಲಿ ಮೊಸಳೆ ಇದೆ, ಆಮೆ ಇದೆ, ನೀರೊಳಗೆ ಬಂಡೆಗಳಿವೆ. ಅನುಭವಿ ಮೀನುಗಾರ ಬಲೆಯ ತೂತು ನೋಡಿಯೇ ಇದು ಯಾರ ಕೆಲಸ ಅಂತ ಹೇಳಬಲ್ಲ. ಬಂಡೆ ಮೇಲೆ ಬಿದ್ದ ಹಿಕ್ಕೆಯಲ್ಲಿ ಮೀನಿನ ಹುರುಪೆ, ಏಡಿ ಚಿಪ್ಪು ನೋಡಿ ನೀರುನಾಯಿ ಯಾವಾಗ ಬಂದು ಹೋಯಿತು ಅಂತಲೂ ಅಂದಾಜು ಮಾಡಬಲ್ಲ.

ಈಗ ಪ್ರಶ್ನೆ ತಾನಾಗಿಯೇ ಹುಟ್ಟಿತು: 'ಎರಡು ಊರುಗಳ ನಡುವಿನ ಹೊಳೆಯಲ್ಲಿ 10 ತಿಂಗಳಲ್ಲಿ ಹರಿದುಹೋಗುವ ಬಲೆಗಳಲ್ಲಿ ಎಷ್ಟನ್ನು ನೀರುನಾಯಿ ಹರಿದಿರುತ್ತದೆ? ಯಾವ ಬಗೆಯ ಬಲೆ, ಯಾವ ಹೊತ್ತಿನಲ್ಲಿ ಬಿಟ್ಟರೆ ಜಾಸ್ತಿ ಹರಿಯುತ್ತದೆ? ಹೊತ್ತು ಬದಲಿಸಿದರೆ ನಷ್ಟ ಕಡಿಮೆಯಾಗುತ್ತದೆಯೇ?' ಇದಕ್ಕೆ ಬೇಕಾದ್ದು ಒಂದು ದಾಖಲೆ ಪುಸ್ತಕ. ತಾರೀಖು, ಬಲೆಯ ಬಗೆ, ಬಿಟ್ಟ ಹೊತ್ತು, ಎತ್ತಿದ ಹೊತ್ತು, ಹರಿದಿದೆಯೇ, ಯಾವುದರಿಂದ, ರಿಪೇರಿಗೆ ಎಷ್ಟು ಖರ್ಚು. ಇಷ್ಟು ಕಾಲಂ ಸಾಕು. ಬರೆಯಲು ಬಾರದವರಿಗೆ ಚಿತ್ರ ಹಾಕಿದ ಹಾಳೆ ಮಾಡಬಹುದು, ಗುರುತು ಹಾಕಿದರೆ ಆಯಿತು.

ಓದುವ ತಜ್ಞರಿಗೆ ಈಗ ಎಲ್ಲ ಕಾಣುತ್ತದೆ. ಜಾಗ ಯಾವುದು, ಅವಧಿ ಎಷ್ಟು, ಯಾರು ಮಾಡುತ್ತಾರೆ, ಕೊನೆಯಲ್ಲಿ ಏನು ಗೊತ್ತಾಗುತ್ತದೆ, ಅದರಿಂದ ಯಾರಿಗೆ ಉಪಯೋಗ. ಜಾಗೃತಿ ಅನ್ನುವ ಮಾತೇ ಇಲ್ಲದಿದ್ದರೂ ದಿನಾ ಲೆಕ್ಕ ಇಡುವ ಮೀನುಗಾರನಿಗೆ ವಿಷಯ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನಿಮ್ಮ ವಿಷಯ ಕೆರೆ ಇರಲಿ, ಕಪ್ಪೆ ಇರಲಿ, ಕಾಡುಹಂದಿ ಇರಲಿ, ಇದೇ ರೀತಿ ಮಾಡಿ. ಮೊದಲು ಅಲ್ಲಿ ಬದುಕುವವರ ದೂರು ಕೇಳಿ, ಆಮೇಲೆ ಪ್ರಶ್ನೆ ಬರೆಯಿರಿ.

ಅರ್ಜಿಯನ್ನು ಮೊದಲು ಕನ್ನಡದಲ್ಲಿ ಬರೆಯಿರಿ

ಇಂಗ್ಲಿಷಿನಲ್ಲೇ ಶುರು ಮಾಡಿದರೆ ಬೇರೆಯವರ ಅರ್ಜಿಯ ಮಾತುಗಳು ಬಂದು ಕೂರುತ್ತವೆ. ಸುಸ್ಥಿರ, ಸಮಗ್ರ, ಸಬಲೀಕರಣ ಅಂತ ತುಂಬಿ, ನಿಮ್ಮ ಹೊಳೆ ಮಾಯವಾಗುತ್ತದೆ. ಕನ್ನಡದಲ್ಲಿ ಎರಡು ಪುಟ ಬರೆದು, ಅದನ್ನು ಆ ಜಾಗದ ಜನರಿಗೆ ಓದಿ ಹೇಳಿ. 'ಮಳೆಗಾಲದಲ್ಲಿ ಹರಿಗೋಲು ಇಳಿಸೋಕಾಗಲ್ಲ, ನೀವು ಜುಲೈನಲ್ಲಿ ಸರ್ವೆ ಅಂತ ಬರೆದಿದ್ದೀರಲ್ಲ' ಅಂತ ಒಬ್ಬರು ಹೇಳಿದರೆ ನಿಮ್ಮ ವೇಳಾಪಟ್ಟಿ ಅಲ್ಲಿಯೇ ಸರಿಹೋಯಿತು. ಆಮೇಲೆ ಇಂಗ್ಲಿಷ್ ಬಲ್ಲವರ ಜೊತೆ ಕೂತು ಸಣ್ಣ ವಾಕ್ಯಗಳಲ್ಲಿ ಅದನ್ನೇ ಇಂಗ್ಲಿಷಿಗೆ ತನ್ನಿ. ಭಾರೀ ಇಂಗ್ಲಿಷ್ ಬೇಕಿಲ್ಲ. ಅರ್ಜಿ ಓದುವವರಲ್ಲಿ ಇಂಗ್ಲಿಷ್ ಮನೆಮಾತಲ್ಲದವರೂ ಇರುತ್ತಾರೆ.

ಬಜೆಟ್

ಅರ್ಜಿಯಲ್ಲಿ ನಿಮ್ಮ ಪ್ರಾಮಾಣಿಕತೆ ಕಾಣುವುದು ಇಲ್ಲಿ. ಒಟ್ಟಾರೆ ಮೊತ್ತವೊಂದನ್ನೇ ಹಾಕಬೇಡಿ. 'ಕ್ಷೇತ್ರ ಕಾರ್ಯ: 1,00,000' ಅಂತ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬಿಡಿಸಿ: ಇಬ್ಬರು ಮೀನುಗಾರರು, ತಿಂಗಳಿಗೆ 4 ದಿನ, 10 ತಿಂಗಳು, ಒಟ್ಟು 80 ಆಳುದಿನ. ದಿನಕ್ಕೆ 800 ರೂಪಾಯಿ ಅಂದುಕೊಂಡರೆ 64,000. ಹರಿಗೋಲು ಬಾಡಿಗೆ 40 ದಿನ, ದಿನಕ್ಕೆ 300ರಂತೆ 12,000. ಈ ದರಗಳು ಬರೀ ಉದಾಹರಣೆಗೆ. ನಿಮ್ಮೂರಿನಲ್ಲಿ ಈಗ ನಡೆಯುವ ಕೂಲಿ ಕೇಳಿ ಹಾಕಿ, ಒಂದು ರೂಪಾಯಿಯೂ ಕಡಿಮೆ ಹಾಕಬೇಡಿ.

ಊರಿನವರ ಕೆಲಸವನ್ನು 'ಸ್ವಯಂಸೇವೆ' ಅಂತ ತೋರಿಸಿ, ಕ್ಯಾಮೆರಾಕ್ಕೆ ಮಾತ್ರ ಲಕ್ಷ ರೂಪಾಯಿ ಹಾಕಿದ ಅರ್ಜಿ ನೋಡಿದರೆ ನನಗೆ ಬೇಜಾರಾಗುತ್ತದೆ. ಒಂದು ದಿನ ನಿಮ್ಮ ಜೊತೆ ಬಂದವರು ಆ ದಿನದ ಸಂಪಾದನೆ ಬಿಟ್ಟು ಬಂದಿರುತ್ತಾರೆ. ಅವರಿಗೆ ಕೊಡಬೇಕಾದ್ದು ಮೊದಲ ಸಾಲಿನಲ್ಲಿ ಇರಲಿ.

ಮರೆತುಹೋಗುವ ಖರ್ಚುಗಳೂ ಇವೆ. ಪರವಾನಗಿಗೆ ಬೆಂಗಳೂರಿಗೆ ಓಡಾಟ, ನೀರಿನಲ್ಲಿ ಕೆಲಸ ಮಾಡುವವರಿಗೆ ಲೈಫ್ ಜಾಕೆಟ್ ಮತ್ತು ವಿಮೆ, ಸಭೆ ದಿನದ ಊಟ, ಕನ್ನಡದಲ್ಲಿ ವರದಿ ಅಚ್ಚು ಹಾಕಿಸುವುದು, ಲೆಕ್ಕಪರಿಶೋಧಕರ ಫೀಸು, ಹೊರದೇಶದ ದುಡ್ಡಾದರೆ ಬ್ಯಾಂಕಿನ ಕಡಿತ. ಕೆಲವು ಸಂಸ್ಥೆಗಳು ಲ್ಯಾಪ್‌ಟಾಪಿಗೆ, ವಿಮಾನ ಟಿಕೆಟ್ಟಿಗೆ, ಕಾಲೇಜು ಫೀಸಿಗೆ ದುಡ್ಡು ಕೊಡುವುದಿಲ್ಲ. ಅವರ ನಿಯಮ ಓದಿಯೇ ಪಟ್ಟಿ ಮಾಡಿ.

ಪರವಾನಗಿ, ಪಂಚಾಯತಿ

ಅಭಯಾರಣ್ಯದೊಳಗೆ ಅಧ್ಯಯನಕ್ಕೆ ಹೋಗಬೇಕಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅವರ ಕಚೇರಿ ಬೆಂಗಳೂರಿನ ಮಲ್ಲೇಶ್ವರದ ಅರಣ್ಯ ಭವನದಲ್ಲಿದೆ. ಪ್ರಾಣಿಯನ್ನು ಹಿಡಿಯುವುದು, ಅದರ ಕೊರಳಿಗೆ ರೇಡಿಯೋ ಕಾಲರ್ ಹಾಕುವುದು ಇದ್ದರಂತೂ ಬೇರೆಯೇ ಅನುಮತಿ ಬೇಕು. ಮೊದಲ ಅನುದಾನದಲ್ಲಿ ಅದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಅನುಮತಿ ಬರಲು ತಿಂಗಳುಗಳೇ ಹಿಡಿಯಬಹುದು. ಆ ಕಾಲವನ್ನೂ ವೇಳಾಪಟ್ಟಿಯಲ್ಲಿ ತೋರಿಸಿ. ಸ್ಥಳೀಯ ವಲಯ ಅರಣ್ಯಾಧಿಕಾರಿಯನ್ನು ಮೊದಲೇ ಕಂಡು ಮಾತನಾಡಿ.

ಕಾಡಿನ ಹೊರಗಿನ ಕೆಲಸವಾದರೆ ಗ್ರಾಮ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ನೋಡಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯತಿಯಲ್ಲೂ ಇದು ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯ ದಾಖಲೆ ಮಾಡಬೇಕು. ಬಹಳ ಕಡೆ ಸಮಿತಿ ಕಾಗದದ ಮೇಲಷ್ಟೇ ಇದೆ. ನಿಮ್ಮ ಯೋಜನೆಯಿಂದ ಅದಕ್ಕೆ ಜೀವ ಬಂದರೆ ದುಡ್ಡು ಮುಗಿದ ಮೇಲೂ ಕೆಲಸ ನಿಲ್ಲುವುದಿಲ್ಲ. ಸೋಲಿಗರಂಥ ಕಾಡಿನ ಜನರ ಜಾಗದಲ್ಲಿ ಕೆಲಸವಾದರೆ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಹೆಜ್ಜೆ ಇಡಬೇಡಿ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಅದು ಅವರ ಕಾನೂನುಬದ್ಧ ಹಕ್ಕು.

ಶಿಫಾರಸು ಪತ್ರ

ದೊಡ್ಡ ಹೆಸರು ಬೇಕಿಲ್ಲ. ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರು ಬೇಕು. ಅವರಿಗೆ ಕನಿಷ್ಠ ಮೂರು ವಾರ ಮೊದಲೇ ಅರ್ಜಿಯ ಪ್ರತಿ ಕಳಿಸಿ.

ನೀವು ಅರ್ಜಿ ಬರೆದುಕೊಡುವವರಾದರೆ

ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದು, ಊರಿನ ಕೆರೆಗೆ ಏನಾದರೂ ಮಾಡಬೇಕು ಅನ್ನುವ ಕನ್ನಡಿಗರು ಬಹಳ ಜನ ಇದ್ದಾರೆ. ದುಡ್ಡು ಕಳಿಸುವುದಕ್ಕಿಂತ ಇಂಥ ಅರ್ಜಿ ಬರೆದುಕೊಡುವುದು ಎಷ್ಟೋ ಸಲ ದೊಡ್ಡ ಸಹಾಯ. ಆದರೆ ಮುಖ್ಯ ಅರ್ಜಿದಾರರ ಜಾಗದಲ್ಲಿ ಯಾರ ಹೆಸರಿದೆ ಅನ್ನುವುದನ್ನು ಗಮನಿಸಿ. ಕೆಲಸ ಅವರದ್ದಾದರೆ ಹೆಸರೂ ಅವರದ್ದೇ ಇರಲಿ. ಅವರು ಹೇಳಿದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ, ಅವರ ಮಾತಿನಿಂದಲೇ ಅರ್ಜಿ ಕಟ್ಟಿ. ಸಂದರ್ಶನ ಇಂಗ್ಲಿಷಿನಲ್ಲಿದ್ದರೆ, ಪಕ್ಕದಲ್ಲಿ ಅನುವಾದ ಮಾಡಲು ಕೂರಬಹುದೇ ಅಂತ ಸಂಸ್ಥೆಗೆ ಮೊದಲೇ ಬರೆದು ಕೇಳಿ. ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಅಂಕೋಲೆಯ ತುಳಸಿ ಗೌಡರಿಗೆ ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳಕೆ ಬರಿಸಬೇಕು ಅನ್ನುವುದು ಶಾಲೆ ಮೆಟ್ಟಿಲು ಹತ್ತದೆಯೇ ಗೊತ್ತಿತ್ತು. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ದುಡಿದ ವರ್ಷಗಳು ಎಷ್ಟೋ. ಪದ್ಮಶ್ರೀ ಬಂದದ್ದು ಇಳಿವಯಸ್ಸಿನಲ್ಲಿ. ಅಂಥವರಿಗೆ ನಲವತ್ತನೇ ವಯಸ್ಸಿನಲ್ಲೇ ಒಂದು ಫೆಲೋಶಿಪ್ ಸಿಗುವಂತೆ ಮಾಡಲು ನಮ್ಮಿಂದ ಆಗಬೇಕು.

ಉತ್ತರ ಬಂದ ಮೇಲೆ

ಇಲ್ಲ ಅಂತ ಬಂದರೆ ಕಾರಣ ಕೇಳಿ ಸಭ್ಯವಾಗಿ ಒಂದು ಪತ್ರ ಬರೆಯಿರಿ. ಕೆಲವರು ಉತ್ತರ ಕೊಡುತ್ತಾರೆ. ತಿದ್ದಿ ಇನ್ನೊಂದು ಕಡೆ ಕಳಿಸಿ. ಒಂದೇ ಅರ್ಜಿಯನ್ನು ಹೆಸರು ಬದಲಿಸಿ ಹತ್ತು ಕಡೆ ಕಳಿಸಬೇಡಿ. ಪ್ರತಿ ಸಂಸ್ಥೆಗೂ ಅದರದ್ದೇ ಆಸಕ್ತಿ ಇರುತ್ತದೆ.

ಹೌದು ಅಂತ ಬಂದರೆ ಯೋಜನೆಗೇ ಬೇರೆ ಪುಸ್ತಕ ಇಟ್ಟು, ಮೊದಲ ದಿನದಿಂದ ರಸೀದಿ ಜೋಡಿಸಿ. ಹರಿಗೋಲಿನವರು ಬಿಲ್ ಕೊಡುವುದಿಲ್ಲ. ಅದಕ್ಕೆ ವೋಚರ್ ಪುಸ್ತಕ ಇಟ್ಟು ತಾರೀಖು, ಮೊತ್ತ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಳ್ಳಿ. ಯೋಜನೆ ಬದಲಾಗಬೇಕಾದರೆ, ಪ್ರವಾಹ ಬಂದು ಎರಡು ತಿಂಗಳು ಕೆಲಸ ನಿಂತರೆ, ಕೂಡಲೇ ಬರೆದು ತಿಳಿಸಿ. ಮುಚ್ಚಿಡುವವರಿಗಿಂತ ಹೇಳುವವರನ್ನೇ ಅವರು ನಂಬುತ್ತಾರೆ.

ಕೊನೆಯ ವರದಿಯಲ್ಲಿ ಆಗದೇ ಹೋದದ್ದನ್ನೂ ಬರೆಯಿರಿ. ಹೊತ್ತು ಬದಲಿಸಿದರೂ ಬಲೆ ಹರಿಯುವುದು ನಿಲ್ಲಲಿಲ್ಲ ಅಂತ ಗೊತ್ತಾದರೆ ಅದೂ ಒಂದು ಉತ್ತರವೇ. ಆದರೆ ನೀರುನಾಯಿಯ ಬಿಲ, ಅಪರೂಪದ ಹಕ್ಕಿಯ ಗೂಡು ಎಲ್ಲಿದೆ ಅನ್ನುವ ನಿಖರ ಜಾಗವನ್ನು ಎಲ್ಲರೂ ನೋಡುವ ವರದಿಯಲ್ಲಿ ಹಾಕಬೇಡಿ. ಅದು ಬೇಟೆಯವರ ಕೈಗೂ ಸಿಗುತ್ತದೆ. ಸಂಸ್ಥೆಗೆ ಇಂಗ್ಲಿಷ್ ವರದಿ ಕಳಿಸಿದ ವಾರವೇ, ನಾಲ್ಕು ಪುಟದ ಕನ್ನಡ ವರದಿಯನ್ನು ಊರಿನಲ್ಲಿ ಓದಿ, ಒಂದು ಪ್ರತಿಯನ್ನು ಪಂಚಾಯತಿಗೆ, ಇನ್ನೊಂದನ್ನು ವಲಯ ಅರಣ್ಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಆ ಸ್ವೀಕೃತಿಯ ಪ್ರತಿಯನ್ನು ಎರಡನೇ ಅನುದಾನದ ಅರ್ಜಿಗೆ ಲಗತ್ತಿಸಬಹುದು.